ಹೊಟ್ಟೆ ತುಂಬದ ಕೌದಿಯೊಡನೆ ಸವಣೂರಿಗೆ

ಹಾನಗಲ್ಲಿನಿಂದ ಹೊರಟಾಗ ಬಿಸಿಲು ಇನ್ನೂ ಎಳೆಯದಿತ್ತು. ನನ್ನ ಕೈಯಲ್ಲಿ ಬುತ್ತಿ. ಪಕ್ಕದಲ್ಲಿ ಕೂತ ನನ್ನ ಅಕ್ಕ ಗಂಗಕ್ಕನ ತೊಡೆಯ ಮೇಲೆ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿ. ಗಂಟನ್ನು ಬಸ್ಸಿನ ಮೇಲೆ ಹಾಕಿರೆಂದ ಕಂಡಕ್ಟರ್.

"ಕೂಸಿನ್ನ ಯಾರರ ಮ್ಯಾಲ ಹಾಕ್ತಾರೇನಪಾ?" ಎಂದಳು ಅಕ್ಕ.

"ಹಂಗಾದ್ರ ಕೂಸಿಗೂ ಅರ್ಧಾ ಟಿಕೀಟ ತಗೀರಿ," ಎಂದು ನಕ್ಕು ಆತ ಮುಂದೆ ಹೋದ.

ಎಂಬತ್ತರ ದಶಕದ ನಡುವಿನ ಮಾತಿದು. ದಿಲ್ಲಿಯಿಂದ ನಮ್ಮೂರ ಕಟ್ಟೆಯವರೆಗೆ ಎಲ್ಲರ ಬಾಯಲ್ಲೂ ಇಪ್ಪತ್ತೊಂದನೆಯ ಶತಮಾನ. ಸವಣೂರಿನ ಶಾಲೆಯೊಂದರಲ್ಲಿ ನಾಳಿನ ಭಾರತವನ್ನು ತೋರಿಸುವ ವಸ್ತುಪ್ರದರ್ಶನವಿತ್ತು. ಹೆಣ್ಣುಮಕ್ಕಳೂ ಕಸೂತಿ, ಕೌದಿ ತರಬಹುದೆಂದು ಅಕ್ಕನಿಗೆ ಓದಿ ಹೇಳಿದವನು ನಾನೇ. ಆಕೆ ಹೊಲಿದದ್ದು ಒಂದು ಅಡಿಗೆಮನೆ. ಒಲೆ, ಒಲೆಯ ಪಕ್ಕದ ಗೋಡೆಗೆ ಒಂದು ಕರಿಯ ಟೆಲಿಫೋನು. ಅಕ್ಕನ ಮಗಳು ನೀಲವ್ವನನ್ನು ಹಿರೇಕೆರೂರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಅವಳಿಗೆ ಬರೆಯಲು ಬಾರದು. ಅತ್ತೆಮನೆಯವರು ಬರೆದ ಪತ್ರಗಳಲ್ಲೆಲ್ಲ 'ಕ್ಷೇಮ' ಎಂಬುದೊಂದೇ. ಈ ಪ್ರದರ್ಶನಕ್ಕೆ ಅವಳೂ ಬರುವವಳಿದ್ದಳು.

ಶಿಗ್ಗಾಂವದಲ್ಲಿ ಬಸ್ಸು ಬದಲಿಸುವಾಗ ಚಹಾ ಕುಡಿದೆವು. ಕೌದಿಯ ನಡುವೆ ಅಂಗೈಯಗಲದ ಚೌಕವೊಂದು ಇನ್ನೂ ಬಾಯಿ ತೆರೆದೇ ಇತ್ತು. ಅದು ಕೌದಿಯ ಹೊಟ್ಟೆ. ಅದರೊಳಗೆ ಹೋಳಿಗೆಯ ಚೂರಿಟ್ಟು ಹೊಲಿದರೆ ಹೊದ್ದವರು ಹಸಿಯುವುದಿಲ್ಲವೆಂದು ನಮ್ಮ ಹಿರಿಯರ ನಂಬಿಕೆ.

"ನೀಲಿ ಕೈಲೇ ತುಂಬಸ್ತೇನಿ," ಎಂದಳು ಅಕ್ಕ, ಬುತ್ತಿಯನ್ನು ಮುಟ್ಟಿ ನೋಡುತ್ತ.

ಸವಣೂರಿನ ಶಾಲೆಯ ಗೋಡೆ ತುಂಬ ರಾಕೆಟ್ಟು, ಅಣೆಕಟ್ಟು, ಕಂಪ್ಯೂಟರು. ಪ್ರತಿ ಚಿತ್ರದ ಮೂಲೆಯಲ್ಲೂ ಒಬ್ಬರೇ ಮುಖಂಡರ ನಗು. ಏರ್ಪಾಡು ಮಾಡಿದ್ದ ಗೌಡರು ಕೌದಿಯನ್ನು ಬಿಚ್ಚಿ ನೋಡಿದರು.

"ಚಲೋ ಐತಿ ಅಕ್ಕಾರ. ಆದ್ರ ಮುಂದಿನ ಶತಮಾನದಾಗ ಒಲಿ ಯಾಕ್ರಿ? ಇರ್ಲಿ, ಈ ಖಾಲಿ ಜಾಗಾದಾಗ ಸಾಹೇಬ್ರ ಫೋಟೋ ಹಚ್ರಿ. ನಟ್ಟನಡಕ ತೂಗಹಾಕೋಣು."

ನೀಲವ್ವ ಬಂದಾಗ ಕೌದಿ ಗೋಡೆಯ ಮೇಲಿರಲೆಂಬ ಆಸೆಗೆ ಆ ಫೋಟೋವನ್ನು ಗುಂಡುಸೂಜಿಯಿಂದ ಕೌದಿಗೆ ಚುಚ್ಚಿದವನೂ ನಾನೇ. ಅಕ್ಕ ಮೆಲ್ಲಗೆ ಫೋಟೋ ಬಿಚ್ಚಿ ಗೌಡರ ಕೈಗಿತ್ತಳು.

"ಇವ್ರು ಉಂಡಾವ್ರು ಅದಾರ್ರಿ. ಇದು ಹಸದಾವ್ರ ಜಾಗಾ."

"ಹಂಗಾದ್ರ ಗ್ವಾಡಿ ಮ್ಯಾಲ ಜಾಗಾ ಇಲ್ರಿ," ಎಂದರು ಗೌಡರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ನೀಲವ್ವ ಇಳಿದಳು, ಜೊತೆಗೆ ಕಾವಲಿನಂತೆ ಮೈದುನ. ರಾಕೆಟ್ಟಿನ ಹೆಸರು ಕೇಳಿದ್ದೇ ಆತ ಶಾಲೆಯತ್ತ ನಡೆದ. ನಾವು ಮೂವರೂ ಸವಣೂರಿನ ಹೆಸರಾದ ದೊಡ್ಡಹುಣಸೆಯ ನೆರಳಿಗೆ ಹೋದೆವು. ಹತ್ತು ಜನ ತಬ್ಬಿದರೂ ಸಾಲದ ಮರ ಅದು. ಅಕ್ಕ ಕೌದಿ ಹಾಸಿದಳು. ನೀಲವ್ವ ಬಹಳ ಸೊರಗಿದ್ದಳು. ಬಗ್ಗಿ ಬಟ್ಟೆಯ ಫೋನಿಗೆ ಕಿವಿ ಹಚ್ಚಿದಳು.

"ಏನರ ಕೇಳಸ್ತೈತೇನ?"

"ನೀ ಬೈಯಾಕತ್ತಿದ್ದು ಕೇಳಸ್ತೈತಿ, ಯವ್ವಾ," ಎಂದು ನಕ್ಕವಳು ತಲೆ ಎತ್ತಲಿಲ್ಲ. ಹಾಗೇ ಮಲಗಿ, ಫೋನಿಗೆ ಬಾಯಿ ಹಚ್ಚಿ, ಸಣ್ಣ ದನಿಯಲ್ಲಿ ಮಾತಾಡತೊಡಗಿದಳು. ನಾನು ವೀಳ್ಯದೆಲೆ, ತಿನ್ನಲು ಖಾರಾ ತರುವ ನೆವದಲ್ಲಿ ಪೇಟೆಗೆ ಎದ್ದುಹೋದೆ. ತಿರುಗಿ ಬಂದಾಗ ಕೌದಿಯ ಹೊಟ್ಟೆ ತುಂಬಿ ಹೊಲಿಗೆ ಬಿದ್ದಿತ್ತು. ಇಬ್ಬರ ಕಣ್ಣೂ ಕೆಂಪಾಗಿದ್ದವು.

ಸಂಜೆಯ ಬಸ್ಸಿನಲ್ಲಿ ಅಕ್ಕನ ತೊಡೆ ಬರಿದಾಗಿತ್ತು. ನೀಲವ್ವ ಏನಂದಳೆಂದು ಕೇಳಿದೆ.

"ಅದು ಫೋನಿನ್ಯಾಗಿನ ಮಾತು, ತಮ್ಮಾ. ಬರೂ ಸೋಮಾರ ಹಿರೇಕೆರೂರಿಗೆ ಹೋಗಿ ಕರಕೊಂಡ ಬರೂಣು."

ಹಿಂದೆ ಉಳಿದ ಮರದತ್ತ ಒಮ್ಮೆ ತಿರುಗಿ ನೋಡಿದಳು.

"ಖರೇ ಫೋನು ಬರಾಕ ಇನ್ನೂ ತಡಾ ಐತಿ. ಸೋಮಾರ ತನಕ ನೀಲಿ ಆ ಕೌದೀನ ಹೊಚ್ಚಿಕೊಂಡ ಮಲಗ್ಲಿ."