ಬಾಗಿಲಾಚೆಯ ನೀರಿನ ಬಾಟಲಿ

ದೆಹಲಿಯ ದ್ವಾರಕಾದಲ್ಲಿರುವ ನಮ್ಮ ಸೊಸೈಟಿಯ ಹಾಲ್‌ನಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದವರು ಪದ್ಮಾ ಟೀಚರ್. ಒತ್ತಕ್ಷರ ತಪ್ಪಿದರೆ ಕಿವಿ ಹಿಂಡದೆ ಬಿಟ್ಟವರಲ್ಲ. ನನ್ನ ಮಗನ ಕಿವಿಯೂ ಆ ಲೆಕ್ಕದಲ್ಲಿದೆ. ಇಂಥ ಗಟ್ಟಿಗಿತ್ತಿ ಒಂದು ಕಂಪ್ಯೂಟರಿಗೆ ಹೆದರಿದರು.

ಗುರ್‌ಗಾಂವಿನ ಐಟಿ ಹುಡುಗರು ಕನ್ನಡ ಸಂಘಕ್ಕೆ ಕೊಟ್ಟ ಹಳೆಯ ಯಂತ್ರ ಅದು. ಕನ್ನಡ ಟೈಪ್ ಮಾಡುವ ವ್ಯವಸ್ಥೆಯೂ ಇತ್ತು. ಪದ್ಮಾ ಅದಕ್ಕೊಂದು ಕಸೂತಿಯ ಹೊದಿಕೆ ಹೊಲಿದು ಮುಚ್ಚಿಟ್ಟರು. ಹೊದಿಕೆ ತೆಗೆದವಳು ಆರನೇ ಕ್ಲಾಸಿನ ಸಿಂಚನಾ. ಪೆನ್ಸಿಲ್ ಹಿಡಿದು ಕನ್ನಡ ಬರೆ ಎಂದರೆ ಮುಖ ಸಿಂಡರಿಸುತ್ತಿದ್ದವಳು, ಕೀಬೋರ್ಡ್ ಸಿಕ್ಕಿದ ಮೇಲೆ ರಾಜ್ಯೋತ್ಸವದ ಗೋಡೆಪತ್ರಿಕೆಯನ್ನೆಲ್ಲ ತಾನೇ ಟೈಪ್ ಮಾಡುತ್ತೇನೆಂದು ಕೂತಳು. ಪಕ್ಕದಲ್ಲಿ ನೀರಿನ ಬಾಟಲಿ, ಎದುರಿಗೆ ಪದ್ಮಾ. ಟೀಚರಿಗೆ ಅವಳೇ ಟೀಚರಾದಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ತರಗತಿಗೆ ರಜೆ. ಪದ್ಮಾ ಒಬ್ಬರೇ ಬಂದು ಕಂಪ್ಯೂಟರಿಗೆ ಅರಿಸಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಮಾವಿನ ಎಲೆಯಿಂದ ತೀರ್ಥ ಪ್ರೋಕ್ಷಣೆ ಮಾಡಿದರು. ಊರಲ್ಲಿ ತಂದೆಯವರು ಎತ್ತಿನ ಗಾಡಿಗೆ ಮಾಡುತ್ತಿದ್ದಷ್ಟೇ ಧಾರಾಳವಾಗಿ ಮಾಡಿದರು. ಗಾಡಿಗೇನು, ತಡೆದುಕೊಳ್ಳುತ್ತಿತ್ತು.

ಮುಂದಿನ ಭಾನುವಾರ ಯಂತ್ರ ಏಳಲಿಲ್ಲ. ಸಂಘದ ಕಾರ್ಯದರ್ಶಿ ಗೋಪಿನಾಥರು ಕರೆಸಿದ ರಿಪೇರಿ ಭಯ್ಯಾ ಡಬ್ಬ ಬಿಚ್ಚಿ, ಒಳಗೆ ನೀರು ಹೋಗಿದೆ ಎಂದ. ಎಲ್ಲರ ಕಣ್ಣೂ ಸಿಂಚನಾಳ ಬಾಟಲಿಯ ಮೇಲೆ ಬಿತ್ತು. ಕುಂಕುಮದ ಬೊಟ್ಟು ಎದುರಿಗೇ ಇತ್ತು, ಆದರೆ ದೇವರ ನೀರನ್ನು ಅನುಮಾನಿಸುವವರು ಯಾರು? ಇನ್ನು ಮಕ್ಕಳು ಯಾರೂ ಇದನ್ನು ಮುಟ್ಟಕೂಡದು, ಟೀಚರ್ ಮಾತ್ರ ಬಳಸಲಿ ಎಂದು ಗೋಪಿನಾಥರು ಅಪ್ಪಣೆ ಮಾಡಿದರು.

ಪದ್ಮಾರಿಗೆ ಬಾಯಲ್ಲಿ ಬಿಸಿ ತುಪ್ಪ. ಈ ವಯಸ್ಸಿನಲ್ಲಿ, ಇಷ್ಟು ಜನರ ಮುಂದೆ, ಕಂಪ್ಯೂಟರಿಗೆ ನೀರು ಚಿಮುಕಿಸಿದ ಹೆಂಗಸು ಎನಿಸಿಕೊಳ್ಳುವುದೇ? ಆಮೇಲೆ ಹೇಳಿದರಾಯಿತು ಎಂದುಕೊಂಡರು. ಸಿಂಚನಾ ತಾನೇ ಬಂದು, "ಸಾರಿ ಮ್ಯಾಮ್, ಶಾಯದ್ ನನ್ನಿಂದಾನೇ ಆಯ್ತು," ಎಂದು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಹೇಳಿದಳು. ಮಗು ಅದನ್ನು ನಂಬಿಬಿಟ್ಟಿತ್ತು. ಪದ್ಮಾ ಅವಳ ತಲೆ ಸವರಿದರು, ಅಷ್ಟೆ. ಆ ಕೈ ತಮಗೇ ಹೇಸಿಗೆಯಾಯಿತು ಎಂದು ಅವರು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದು ಬಹಳ ದಿನಗಳ ಮೇಲೆ.

ಅಂದಿನಿಂದ ಹುಡುಗಿ ಬಾಟಲಿಯನ್ನು ಚಪ್ಪಲಿಗಳ ಜೊತೆ ಬಾಗಿಲ ಹೊರಗೇ ಬಿಟ್ಟು ಬರುತ್ತಿದ್ದಳು. ಬಾಯಾರಿದರೆ ಎದ್ದು ಹೋಗಿ ಕುಡಿದು, ಕೈಯನ್ನು ಫ್ರಾಕಿಗೆ ಒರೆಸಿಕೊಂಡು ಒಳಗೆ ಬರುವಳು. ಪದ್ಮಾರಿಗೆ ಪಾಠದ ಸಾಲು ತಪ್ಪುತ್ತಿತ್ತು.

ಯಂತ್ರ ರಿಪೇರಿಯಾಗಿ ಬಂತು. ರಾಜ್ಯೋತ್ಸವ ಹತ್ತಿರವಾಗಿತ್ತು. ಪದ್ಮಾ ಕೂತು ಒತ್ತಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೇ ಬಂದವು. ವಿಧಿಯಿಲ್ಲದೆ ಸಿಂಚನಾಳನ್ನು ಕರೆದರು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರದಲ್ಲೇ ನಿಂತು, ಯಾವುದನ್ನು ಒತ್ತಬೇಕೆಂದು ಬಾಯಲ್ಲಿ ಹೇಳತೊಡಗಿದಳು. ಹತ್ತಿರ ಬಾ ಎಂದರೂ ಬರಲಿಲ್ಲ.

ಪದ್ಮಾ ಕೀಬೋರ್ಡಿನಿಂದ ಕೈ ತೆಗೆದರು. "ನೀರು ಹಾಕಿದ್ದು ನೀನಲ್ಲಮ್ಮ. ಪೂಜೆ ದಿನ ನಾನೇ ಹಾಕಿದ್ದು. ಗೊತ್ತಿದ್ದೂ ಸುಮ್ಮನಿದ್ದೆ."

ಸಿಂಚನಾ ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದರು. ಅವಳು ಗೋಪಿನಾಥರು ಕೂರುವ ಪಕ್ಕದ ಕೋಣೆಯತ್ತ ನೋಡಿ ದನಿ ತಗ್ಗಿಸಿದಳು.

"ಗೋಪಿನಾಥ್ ಅಂಕಲ್‌ಗೆ ಹೇಳ್ಬೇಡಿ, ಮ್ಯಾಮ್. ಫಿರ್ ನಿಮ್ಗೂ ಮುಟ್ಟೋಕೆ ಬಿಡಲ್ಲ."

ಪದ್ಮಾ ಎದ್ದು ಹೋಗಿ, ಬಾಗಿಲಾಚೆಯ ಬಾಟಲಿಯನ್ನು ಒಳಗೆ ತಂದು ಅವಳ ಕೈಗಿಟ್ಟರು. ತಮ್ಮ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಗೋಪಿನಾಥರ ಕೋಣೆಗೆ ಹೋದರು.