ಬೆರಳಿಗೆ ಸಿಗದ ತಂತಿ

ಪಂಚರ್ ಅಕ್ಕನಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದಾಗ ಬೀದಿಯವರು ಕೇಳಿದ್ದು ಒಂದೇ ಮಾತು: ಕದ್ದುಮುಚ್ಚಿ ಸಿಗರೇಟು ಸೇದುತ್ತಿದ್ದಳೇನೋ? ಹೇಗಿದ್ದೀಯ, ಊಟ ಸೇರುತ್ತಾ ಅಂತ ಕೇಳುವುದು ಬಿಟ್ಟು ಎಲ್ಲರಿಗೂ ಅದೇ ಚಿಂತೆ. ಜನ್ಮದಲ್ಲಿ ಒಂದು ದಮ್ಮು ಎಳೆದವಳಲ್ಲ ಅವಳು. ಮೊದಮೊದಲು ಇಲ್ಲಪ್ಪಾ ಇಲ್ಲ ಅಂತ ಹೇಳಿ ಹೇಳಿ ನಾಲಿಗೆ ಸವೆಯಿತು. ಕೊನೆಗೆ ಎದುರು ಸಾಲಿನ ಇಸ್ತ್ರಿ ಅಂಗಡಿಯವನೂ ಅದನ್ನೇ ಕೇಳಿದಾಗ, ಹೌದು ಕಣಯ್ಯ, ನೀನು ಸೇದಿ ಬಿಟ್ಟ ಹೊಗೆಯನ್ನೆಲ್ಲ ಕುಡಿದವಳು ನಾನೇ ಅಂದುಬಿಟ್ಟಳು. ಅವತ್ತಿನಿಂದ ಅವನು ಸಿಗರೇಟು ಹಚ್ಚುವುದಕ್ಕೆ ಅಂಗಡಿಯ ಹಿಂದಕ್ಕೆ ಹೋಗುತ್ತಾನೆ.

ಅವಳ ಬಾಯೇ ಅಂಥದ್ದು. ಗಂಡ ಹೋದಾಗ ಸೈಕಲ್ ಅಂಗಡಿಯನ್ನು ಯಾರಿಗಾದರೂ ಕೊಟ್ಟು ಹಾಯಾಗಿರು ಅಂತ ಬುದ್ಧಿ ಹೇಳಲು ಬಂದವರಿಗೂ ಅದೇ ಬಾಯಿ. ಹೆಂಗಸು ಟೈರ್ ಬಿಚ್ಚುವುದನ್ನು ನೋಡಲು ಕೆಲವರು ಬೇಕೆಂದೇ ಬಂದು ನಿಲ್ಲುತ್ತಿದ್ದರಂತೆ. ನಿಂತವರ ಕೈಗೆ ಪಂಪು ಕೊಟ್ಟು, ಸುಮ್ಮನೆ ಯಾಕೆ ನಿಂತಿದ್ದೀರಿ, ನಾಲ್ಕು ಸಲ ಒತ್ತಿ ಅನ್ನುತ್ತಿದ್ದಳು. ನೋಡುವವರು ತಾವಾಗಿಯೇ ಕಮ್ಮಿಯಾದರು, ಗಿರಾಕಿಗಳು ಉಳಿದರು.

ಅಂಗಡಿ ಅಂದರೆ ಸೇತುವೆಯ ಇಳಿಜಾರು ಮುಗಿಯುವಲ್ಲಿ ಒಂದು ಕೋಣೆ, ಮುಂದೊಂದು ತೊಟ್ಟಿ, ತೊಟ್ಟಿಯಲ್ಲಿ ಯಾವಾಗಲೂ ಕಪ್ಪು ನೀರು. ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸುತ್ತಾಳೆ, ಗುಳ್ಳೆ ಎದ್ದಲ್ಲಿ ಗುರುತು ಹಾಕುತ್ತಾಳೆ, ಉಜ್ಜುತ್ತಾಳೆ, ಸಲ್ಯೂಷನ್ ಹಚ್ಚಿ ತುಂಡು ಅಂಟಿಸುತ್ತಾಳೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಅವಳದೊಂದು ಕಟ್ಟಳೆ ಬೇರೆ ಇತ್ತು. ಟ್ಯೂಬನ್ನು ಮತ್ತೆ ಕೂರಿಸುವ ಮೊದಲು ಟೈರಿನ ಒಳಮೈಯುದ್ದಕ್ಕೂ ಹೆಬ್ಬೆರಳು ಆಡಿಸಲೇಬೇಕು. ಚುಚ್ಚಿದ್ದು ಒಳಗೇ ಉಳಿದಿದ್ದರೆ ಮೇಲೆ ಎಂಥ ತುಂಡು ಅಂಟಿಸಿದರೂ ಏನು ಬಂತು ಮಣ್ಣು? ಹಾಗೆ ಮಾಡದ ಮೆಕ್ಯಾನಿಕ್ಕುಗಳನ್ನು ಅವಳು ಮೆಕ್ಯಾನಿಕ್ ಅನ್ನುತ್ತಿರಲಿಲ್ಲ, ಜೇಬುಗಳ್ಳರು ಅನ್ನುತ್ತಿದ್ದಳು.

ಇನ್ನೊಂದು ಹಟ ಷಟರಿನದು. ಗಂಡನ ಕಾಲದ ಷಟರು, ಅರ್ಧಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಎಡಗಡೆ ಒಂದು ಒದೆ ಕೊಟ್ಟು, ಉಸಿರು ಕಟ್ಟಿ ಮೇಲಕ್ಕೆ ತಳ್ಳಬೇಕು. ಅದನ್ನು ಇಷ್ಟು ವರ್ಷ ಇನ್ನೊಬ್ಬರಿಗೆ ಎತ್ತಲು ಬಿಟ್ಟವಳೇ ಅಲ್ಲ.

ಮನೆಯಲ್ಲಿ ಅವಳು, ಅವಳ ತಮ್ಮ. ಅಮ್ಮ ಬೇಗ ಹೋದದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಅವನೀಗ ವಿಮೆ ಕಚೇರಿಯಲ್ಲಿ ಗುಮಾಸ್ತ. ಒಳ್ಳೆಯವನು, ಆದರೆ ಹೆದರುಪುಕ್ಕಲ. ದಿನವಿಡೀ ಯಾರು ಯಾವ ವಯಸ್ಸಿಗೆ ಯಾವ ಕಾಯಿಲೆಯಿಂದ ಹೋಗುತ್ತಾರೆ ಅನ್ನುವ ಲೆಕ್ಕದಲ್ಲೇ ಇದ್ದು ಇದ್ದು, ಮಳೆ ಬಂದರೂ ಅವನಿಗೆ ನ್ಯುಮೋನಿಯಾನೇ ಕಾಣುತ್ತಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಮ್ಮ ಅಕ್ಕನಿಗಿಂತ ಚಿಕ್ಕವಳು, ಮಾತು ಕಮ್ಮಿ, ಕಣ್ಣು ಚುರುಕು. ಬಲಗಡೆ ಶ್ವಾಸಕೋಶದ ಕೆಳಭಾಗವನ್ನು ಗೆಡ್ಡೆಯ ಸಮೇತ ತೆಗೆದಿದ್ದೇವೆ, ಅಂಚಿನಲ್ಲಿ ಏನೂ ಉಳಿದಿಲ್ಲ ಅಂದಳು. ಅಕ್ಕನ ಪಕ್ಕೆಯಿಂದ ಒಂದು ಕೊಳವೆ ಇಳಿದು ಮಂಚದ ಕೆಳಗಿದ್ದ ನೀರಿನ ಬಾಟಲಿಗೆ ಹೋಗಿತ್ತು. ಕೆಮ್ಮಿದರೆ ಆ ನೀರಲ್ಲಿ ಬುಳುಬುಳು ಗುಳ್ಳೆ ಏಳುತ್ತಿತ್ತು. ಗುಳ್ಳೆ ಕಂಡ ಮೇಲೆ ಇವಳು ಸುಮ್ಮನಿದ್ದಾಳೆಯೇ? ಎಲ್ಲಿಂದ ಗಾಳಿ ಬರುತ್ತಿದೆ ನೋಡೇಬಿಡೋಣ ಅಂತ ಕೊಳವೆಯನ್ನು ಬೆರಳಲ್ಲಿ ಗಟ್ಟಿಯಾಗಿ ಹಿಸುಕಿ ಹಿಡಿದಳು. ನರ್ಸು ಓಡಿ ಬಂದು ಕೈ ಬಿಡಿಸಿ, ಹಾಗೆ ಮಾಡಿದರೆ ಗಾಳಿ ಎದೆಯಲ್ಲೇ ತುಂಬಿಕೊಂಡು ಪ್ರಾಣಕ್ಕೇ ಬರುತ್ತದೆ, ಗೊತ್ತಾ ಅಂತ ವಾರ್ಡಿಗೆ ಕೇಳುವ ಹಾಗೆ ಬೈದಳು. ಅಕ್ಕ ಮಗುವಿನಂತೆ ಮುಖ ಮಾಡಿಕೊಂಡು ಮಲಗಿದಳು. ಗುಳ್ಳೆ ಪೂರ್ತಿ ನಿಂತ ದಿನ ಮಾತ್ರ ಅದೇ ನರ್ಸನ್ನು ಕರೆದು, ನೋಡಮ್ಮ, ನಿಮ್ಮ ಡಾಕ್ಟರಮ್ಮ ಹಾಕಿದ ಪಂಚರ್ ಗಟ್ಟಿಯಾಗಿ ನಿಂತಿದೆ ಅಂತ ಸರ್ಟಿಫಿಕೇಟು ಕೊಟ್ಟಳು.

ಎಡವಟ್ಟಾದದ್ದು ಆಮೇಲೆ. ಆಪರೇಷನ್ನಿಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಅವಳ ರಕ್ತ ತೆಗೆದಿದ್ದರು. ಗೆಡ್ಡೆಯಿಂದ ಕಳಚಿ ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕಣಗಳನ್ನು ಹುಡುಕುವ ಪರೀಕ್ಷೆ ಅದು, ಆ ಆಸ್ಪತ್ರೆಗೇ ಹೊಸದು. ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರಮ್ಮ ಅಕ್ಕ, ತಮ್ಮ ಇಬ್ಬರನ್ನೂ ಕೂರಿಸಿಕೊಂಡು, ಗೆಡ್ಡೆ ಹೋದರೂ ಕಣಗಳು ರಕ್ತದಲ್ಲಿ ಇನ್ನೂ ಕಾಣುತ್ತಿವೆ ಅಂದಳು. ಹೀಗೆ ಕಾಣುವವರಲ್ಲಿ ಕಾಯಿಲೆ ಮರಳುವುದು ಜಾಸ್ತಿ, ಕಾಣದವರಲ್ಲಿ ಕಮ್ಮಿ. ಗೆಡ್ಡೆಯ ಗಾತ್ರ ನೋಡಿದರೂ ಕೀಮೋ ಬೇಕೇ ಬೇಕು, ತಡಮಾಡುವುದು ಒಳ್ಳೆಯದಲ್ಲ.

ತಮ್ಮನ ಮುಖ ಬಿಳಿಚಿಕೊಂಡಿತು. ಅಕ್ಕನ ಪಿತ್ತ ನೆತ್ತಿಗೇರಿತು.

"ಅಂದ್ರೆ, ಮುಳ್ಳು ಒಳಗೇ ಬಿಟ್ಟು ಟೈರ್ ಮುಚ್ಚಿದ್ರಾ?" ಅಂದಳು. "ಮುಚ್ಚೋಕೆ ಮುಂಚೆ ಒಂದ್ಸಲ ಬೆರಳಾಡಿಸಿ ನೋಡೋಕೆ ಏನಾಗಿತ್ತು ನಿಮಗೆ?"

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಕೈಗೆ ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ, ಇವು ಕೈಗೂ ಕಣ್ಣಿಗೂ ಸಿಗುವಂಥವಲ್ಲ, ಗೆಡ್ಡೆ ಇದ್ದಾಗಲೇ ಹೊರಟು ಹೋಗಿರುವಂಥವು ಅಂತ ಬಿಡಿಸಿ ಹೇಳಿದಳು. ಅಕ್ಕ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ಕೆಲಸ ಮಾಡಿದವರ ಕೈಗೆ ಮತ್ತೆ ಕೆಲಸ ಕೊಡುವವಳಲ್ಲ ನಾನು, ನಿಮ್ಮ ಕೀಮೋನೂ ಬೇಡ ಅಂತ ಎದ್ದು ಬಂದಳು. ತನ್ನ ಅಂಗಡಿಯಲ್ಲಿ ಯಾವ ಮಾತಿಗೆ ಗಿರಾಕಿಗಳು ತಲೆದೂಗುತ್ತಿದ್ದರೋ ಅದೇ ಮಾತನ್ನು ಹಿಡಿದುಕೊಂಡು ತನ್ನ ಪ್ರಾಣಕ್ಕೇ ಕೊಡಲಿ ಹಾಕಿಕೊಳ್ಳುತ್ತಿದ್ದೇನೆ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ತಮ್ಮ ಇನ್ನೊಂದು ಥರದಲ್ಲಿ ಕೆಟ್ಟ. ಅವನು ಅಕ್ಕನನ್ನು ಆಗಲೇ ಕಳೆದುಕೊಂಡವನ ಹಾಗೆ ನಡೆದುಕೊಳ್ಳತೊಡಗಿದ. ಮೆಲ್ಲಗೆ ಮಾತಾಡುತ್ತಿದ್ದ, ಹಾಲಿಗೆ ಸಕ್ಕರೆ ತಾನೇ ಬೆರೆಸಿ ಕೊಡುತ್ತಿದ್ದ, ಅಡುಗೆಮನೆಯಲ್ಲಿ ಒಬ್ಬನೇ ನಿಂತು ಮೂಗು ಸೇದುತ್ತಿದ್ದ. ಅಂಗಡಿಯ ಬೀಗದ ಕೈ ಅವನ ಜೇಬು ಸೇರಿತ್ತು. ಒಂದು ಸಂಜೆ ತಡವರಿಸುತ್ತಾ ಬಾಯಿ ಬಿಟ್ಟ: ಪಕ್ಕದ ಟೈರ್ ವ್ಯಾಪಾರಿ ಗೋದಾಮಿಗೆ ಜಾಗ ಹುಡುಕುತ್ತಿದ್ದಾನೆ, ಅಂಗಡಿ ಅವನಿಗೆ ಬಿಡೋಣ ಅಂತ ಮಾತಾಗಿದೆ.

"ಇರೋಷ್ಟು ದಿನ ನೀನು ಆರಾಮಾಗಿರ್ಲಿ ಅಂತ, ಅಕ್ಕ" ಅಂದ.

ಇರೋಷ್ಟು ದಿನ. ಆ ಮಾತು ಅವಳ ಎದೆಗೆ ನಾಟಿತು, ಹೊಲಿಗೆ ಹಾಕಿದ ಜಾಗಕ್ಕಿಂತ ಹೆಚ್ಚಾಗಿ ನೋಯಿತು. ಬೈಯಲು ಬಾಯಿ ತೆರೆದಳು, ಉಸಿರು ಸಾಲಲಿಲ್ಲ. ಇಷ್ಟು ಕಾಲದಲ್ಲಿ ತಮ್ಮನಿಗೆ ಬೈಯಬೇಕಾದಾಗ ಬೈಯಲಾಗದೆ ಅವಳು ಗೋಡೆ ಕಡೆ ತಿರುಗಿ ಮಲಗಿದ್ದು ಅದೇ ಮೊದಲು. ಕೀಮೋ ಬೇಡ ಅಂದದ್ದು ಡಾಕ್ಟರಮ್ಮನ ಮೇಲಿನ ಸಿಟ್ಟಿಗೆ ತಾನೇ, ಸಾಯಬೇಕು ಅಂತ ಯಾರಿಗೆ ಆಸೆ? ಅವಳಿಗೆ ಬದುಕಬೇಕಿತ್ತು. ತೊಟ್ಟಿ ಮುಂದೆ ಕೂರಬೇಕಿತ್ತು, ನಾಲ್ಕು ಜನಕ್ಕೆ ಬೈಯಬೇಕಿತ್ತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಶಾಲೆಯಲ್ಲಿ ಗಣಿತ ಹೇಳುವವರು, ಅಕ್ಕನ ಹಳೇ ಗಿರಾಕಿ. ಅಂಗಡಿ ಮುಚ್ಚಿದ್ದು ನೋಡಿ ಪಂಚರ್ ಆದ ಸೈಕಲನ್ನು ತಳ್ಳಿಕೊಂಡು ಮನೆಗೇ ಬಂದಿದ್ದರು. ಬೇರೆ ಕಡೆ ಹಾಕಿಸಬಹುದಿತ್ತು, ಆದರೂ ಹೇಗಿದ್ದೀಯಮ್ಮಾ ಅಂತ ಕೇಳೋಣ ಅಂತ ಬಂದೆ ಅಂದರು. ಸಿಗರೇಟಿನ ಮಾತೆತ್ತದ ಮನುಷ್ಯ ಅವರೊಬ್ಬರೇ ಅಂತ ಅಕ್ಕನಿಗೆ ಖುಷಿಯಾಯಿತು. ತಮ್ಮ ಕಚೇರಿಗೆ ಹೋಗಿದ್ದ. ಮಂಚದ ಕೆಳಗಿದ್ದ ಹಳೇ ಸಾಮಾನಿನ ಡಬ್ಬ ಎಳೆದಳು, ಬಟ್ಟೆ ಒಗೆಯುವ ಬೇಸಿನ್ನಿಗೆ ನೀರು ತುಂಬಿಸಿದಳು, ಹೊಸ್ತಿಲ ಮೇಲೆ ಕೂತಳು. ಬಲಗೈ ಎತ್ತಿದರೆ ಪಕ್ಕೆ ಹಿಡಿಯುತ್ತಿತ್ತು. ಗಾಳಿ ಹೊಡೆಯುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಪಂಚರ್ ಹಾಕಿ, ಟೈರಿನ ಒಳಗೆ ಒಂದಲ್ಲ ಎರಡು ಸುತ್ತು ಹೆಬ್ಬೆರಳು ಆಡಿಸಿ, ನುಣ್ಣಗಿದೆ, ನಿಶ್ಚಿಂತೆಯಿಂದ ಹೋಗಿ ಅಂತ ಕಳಿಸಿದಳು.

ಮಾರನೇ ದಿನ ಮೇಷ್ಟ್ರು ಅದೇ ಸೈಕಲ್ ತಳ್ಳಿಕೊಂಡು ಬಂದರು. ಅದೇ ಚಕ್ರ.

ಗಾಜಿನ ಮೇಲೆ ಓಡಿಸಿದ್ರೇನು ಅಂತ ಅವರ ಮೇಲೇ ಹರಿಹಾಯ್ದಳು. ಪಾಪ ಅವರು ಶಾಲೆಗೂ ಮನೆಗೂ ಬಿಟ್ಟರೆ ಎಲ್ಲಿಗೂ ಹೋಗಿರಲಿಲ್ಲ. ಟ್ಯೂಬು ಬಿಚ್ಚಿ ನೀರಿಗಿಟ್ಟಳು. ಅವಳು ಅಂಟಿಸಿದ ತುಂಡು ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದಲ್ಲೇ ಹೊಸ ತೂತು, ಸೂಜಿ ಮೊನೆಯಷ್ಟು. ಟೈರಿನ ಒಳಗೆ ಬೆರಳಾಡಿಸಿದಳು. ಏನೂ ಇಲ್ಲ. ಇನ್ನೊಮ್ಮೆ ಆಡಿಸಿದಳು, ನುಣ್ಣಗಿತ್ತು. ಅವಳ ಮುಖ ಸಣ್ಣದಾಯಿತು.

ಕೊನೆಗೆ ತೂತಿನ ನೇರಕ್ಕೆ ಬರುವ ಜಾಗವನ್ನು ಹುಡುಕಿ, ಟೈರನ್ನು ಎರಡೂ ಕೈಯಲ್ಲಿ ಹಿಡಿದು, ಒಳಗಿನದು ಹೊರಗೆ ಬರುವ ಹಾಗೆ ಮಡಚಿ ಮೊಣಕಾಲಿನಿಂದ ಒತ್ತಿದಳು. ಆಗ ರಬ್ಬರಿನ ನಡುವೆ ಒಂದು ಮೊನೆ ಮಿಂಚಿತು. ಕೂದಲಿಗಿಂತ ಸಣ್ಣ ಉಕ್ಕಿನ ತಂತಿ, ಯಾವ ಲಾರಿ ಟೈರಿನಿಂದ ಉದುರಿದ್ದೋ ಏನೋ. ಭಾರ ಬಿದ್ದಾಗ ಮಾತ್ರ ತಲೆ ಎತ್ತುತ್ತದೆ, ಭಾರ ಇಳಿದರೆ ರಬ್ಬರಿನೊಳಗೆ ಅಡಗುತ್ತದೆ. ಎಷ್ಟು ಬೆರಳಾಡಿಸಿದರೂ ಸಿಗುವಂಥದ್ದಲ್ಲ. ಚಿಮುಟದಲ್ಲಿ ಕಿತ್ತು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ನಿನ್ನ ತಪ್ಪಿಲ್ಲ ಬಿಡಮ್ಮಾ" ಅಂದರು ಮೇಷ್ಟ್ರು. "ನೀನು ಸರಿಯಾಗೇ ನೋಡಿದ್ದೀಯ. ಅದು ಸಿಗಲಿಲ್ಲ, ಅಷ್ಟೇ."

ಅವರು ಸೈಕಲ್ಲಿನ ಮಾತಾಡಿದ್ದು. ಅಕ್ಕನ ಕಣ್ಣು ತುಂಬಿ ಬಂತು. ಹೋಗಿ ಬನ್ನಿ ಮೇಷ್ಟ್ರೇ, ಇವತ್ತಿಗೆ ಸಾಕು ಅಂತ ಒರಟಾಗಿ ಅಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆಯೇ ತಮ್ಮನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡಿಸಿದಳು. ಡಾಕ್ಟರಮ್ಮನ ಎದುರು ಕೂತು, ಅವತ್ತು ನಾನಾಡಿದ ಮಾತು ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ ಅಂದಳು. ಕ್ಷಮೆ ಕೇಳಿ ಅಭ್ಯಾಸವಿಲ್ಲದ್ದರಿಂದ ಅದೂ ಜಗಳ ತೆಗೆದ ಹಾಗೇ ಕೇಳಿಸಿತು. ಔಷಧಿ ಶುರುಮಾಡಿ ಅಂದಳು. ಆಮೇಲೆ ಒಂದು ಪ್ರಶ್ನೆ ಇದೆ ಅಂದಳು.

"ಆ ಕಣ ಕಾಣಿಸಿಕೊಂಡವರಲ್ಲಿ, ವರ್ಷಗಟ್ಟಲೆ ಆದ್ರೂ ಚೆನ್ನಾಗಿರೋರು ಇದ್ದಾರಾ, ಇಲ್ವಾ?"

"ಇದ್ದಾರೆ" ಅಂದಳು ಡಾಕ್ಟರಮ್ಮ. "ಕಮ್ಮಿ, ಆದ್ರೆ ಇದ್ದಾರೆ. ಯಾರು ಹಾಗಿರ್ತಾರೆ ಅಂತ ಮೊದಲೇ ಹೇಳೋಕೆ ನನ್ನಿಂದಾಗಲ್ಲ. ಈ ಪರೀಕ್ಷೆ ಗುಂಪಿನ ಲೆಕ್ಕ ಹೇಳುತ್ತೆ, ನಿಮ್ಮ ಒಬ್ಬರ ಲೆಕ್ಕ ಹೇಳಲ್ಲ."

"ಅವರೆಲ್ಲ ಏನ್ಮಾಡ್ಕೊಂಡಿದ್ದಾರೆ?"

ಡಾಕ್ಟರಮ್ಮನಿಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಸ್ವಲ್ಪ ಯೋಚಿಸಿ, "ಅವರವರ ಕೆಲಸ" ಅಂದಳು.

"ಕೇಳಿಸ್ತೇನೋ?" ಅಂತ ಅಕ್ಕ ತಮ್ಮನ ಕಡೆ ತಿರುಗಿದಳು. "ನನ್ನನ್ನ ಅವರ ಜೊತೆ ಸೇರಿಸ್ಕೋ. ಬೀಗದ ಕೈ ಕೊಡು."

ಟೈರ್ ವ್ಯಾಪಾರಿಗೆ ಮಾತು ಕೊಟ್ಟಿದ್ದೀನಲ್ಲ ಅಕ್ಕ ಅಂತ ಅವನು ಗೊಣಗಿದ. ಕೊಟ್ಟವನು ನೀನು, ವಾಪಸ್ ತಗೊಳ್ಳೋದೂ ನಿನ್ನ ಕೆಲಸ ಅಂದಳು. ಅವನು ಜೇಬಿಗೆ ಕೈ ಹಾಕಿ ಬೀಗದ ಕೈಯನ್ನು ಮೇಜಿನ ಮೇಲೆ, ಡಾಕ್ಟರಮ್ಮನ ಎದುರಿಗೇ, ಇಟ್ಟ.

ಕೀಮೋ ಅವಳನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ನೀರು ಕೂಡ ಕಹಿಯಾಯಿತು. ಬೇಡ ನನಗೆ, ಸಾಕು ಅಂತ ಅತ್ತ ದಿನಗಳೂ ಇದ್ದವು, ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಡಲಿಲ್ಲ. ಬೀಗದ ಕೈ ಮಾತ್ರ ದಿಂಬಿನ ಕೆಳಗಿತ್ತು. ತಮ್ಮ ಬಕೆಟ್ಟು ಹಿಡಿದ, ಬೆನ್ನು ಸವರಿದ, ಒಂದು ದಿನವೂ ಅದರ ಕಡೆ ಕೈ ಚಾಚಲಿಲ್ಲ. ಟೈರ್ ವ್ಯಾಪಾರಿ ಮನೆ ಬಾಗಿಲಿಗೇ ಬಂದು ಜೋರು ಮಾಡಿದಾಗ, ನಮ್ಮಕ್ಕ ಬದುಕಿದ್ದಾರೆ ಸ್ವಾಮಿ, ಅಂಗಡಿ ಕೊಡೋದಿಲ್ಲ ಅಂತ ಆ ಹೆದರುಪುಕ್ಕಲ ಹೇಳಿದ್ದನ್ನು ಅವಳು ಒಳಗಿನಿಂದ ಕೇಳಿಸಿಕೊಂಡಳು.

ಎಲ್ಲ ಮುಗಿದ ಮೇಲೆ ಮತ್ತೆ ರಕ್ತ ತೆಗೆದರು. ಕಣಗಳು ಪೂರ್ತಿ ಹೋಗಿಲ್ಲ, ಆದರೆ ಮೊದಲಿಗಿಂತ ಬಹಳ ಕಮ್ಮಿಯಾಗಿವೆ, ಬಿಡದೆ ನೋಡುತ್ತಿರೋಣ ಅಂದಳು ಡಾಕ್ಟರಮ್ಮ. ತಮ್ಮ ತಲೆ ತಗ್ಗಿಸಿದ. ಪೂರ್ತಿ ಹೋಗಿಲ್ಲ ಅನ್ನುವುದಷ್ಟೇ ಅವನ ಕಿವಿಗೆ ಬಿದ್ದದ್ದು. ಇಬ್ಬರೂ ಮನೆ ಕಡೆ ಹೊರಟರು. ಮನೆಯ ತಿರುವು ಬಂದಾಗ ಅಕ್ಕ ತಿರುಗಲಿಲ್ಲ, ಸೇತುವೆಯ ಕಡೆ ನಡೆದಳು.

ಅಂಗಡಿಯ ಮುಂದೆ ಒಣಗಿದ ತೊಟ್ಟಿ, ಧೂಳು. ಎದುರು ಸಾಲಿನಲ್ಲಿ ಇಸ್ತ್ರಿಯವನು ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು ನೋಡುತ್ತಾ ನಿಂತ. ಅವಳು ಕೂತು ಬೀಗ ತೆಗೆದಳು. ಷಟರಿಗೆ ಕೈ ಹಾಕಿ ಎಳೆದಳು, ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದಾಗ ಪಕ್ಕೆ ಚಳಕ್ಕೆಂದಿತು, ಉಸಿರು ಅರ್ಧಕ್ಕೇ ನಿಂತಿತು. ಸುಧಾರಿಸಿಕೊಂಡು ಎದ್ದು ಪಕ್ಕಕ್ಕೆ ಸರಿದಳು.

"ಲೋ, ನೀನು ಎತ್ತೋ" ಅಂದಳು.

ತಮ್ಮ ಅವಳ ಮುಖ ನೋಡಿದ. ಈ ಮಾತು ಅವಳ ಬಾಯಿಂದ ಬರಬಹುದು ಅಂತ ಅವನು ಅಂದುಕೊಂಡೇ ಇರಲಿಲ್ಲ. ಷರ್ಟಿನ ತೋಳು ಮಡಚಿ ಬಗ್ಗಿ ಎತ್ತಿದ. ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಸಾಕಲ್ಲ ಅಕ್ಕ, ಬಗ್ಗಿ ಒಳಗೆ ಹೋಗೋಣ ಅಂದ.

"ಎಡಗಡೆ ಒದಿ" ಅಂದಳು ಅಕ್ಕ. "ಪೂರ್ತಿ ಎತ್ತೋ. ಅರ್ಧ ಎತ್ತಿದ್ರೆ ಮುಚ್ತಾ ಇದ್ದೀವಿ ಅನ್ಕೋತಾರೆ ಜನ."