ಕೆರೆಗೆ ಬಿದ್ದ ಸೀಟಿ

ದೆವ್ವ, ಗಾಳಿ ಅಂತೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು. ಜೀವಶಾಸ್ತ್ರ ಪಾಠ ಮಾಡಿದವಳು ನಾನು. "ಕಣ್ಣಾರೆ ನೋಡಿದ್ದೀರಾ?" ಎಂದು ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಇವತ್ತು ನನ್ನ ಬಾಯನ್ನೇ ಮುಚ್ಚಿಸಿದ ಒಂದು ಸಂಗತಿ ಹೇಳುತ್ತೇನೆ. ನೀವು ನಕ್ಕರೂ ಬೇಸರವಿಲ್ಲ.

ಎಂಟೊಂಬತ್ತು ವರ್ಷಗಳ ಹಿಂದಿನ ಮಾತು. ಭಾನುವಾರ ಸಂಜೆ ನಮ್ಮ ಬಡಾವಣೆಯ ಮಕ್ಕಳನ್ನು ಉತ್ತರಹಳ್ಳಿ ಕಡೆಯ ಒಂದು ಕೆರೆಗೆ ಕರೆದೊಯ್ಯುತ್ತಿದ್ದೆ. ಹಕ್ಕಿ, ಗಿಡ, ಹುಳ ತೋರಿಸುವುದು, ಕಡೆಗೆ 'ಮರದಾಟ' ಆಡಿಸುವುದು. ಒಂದು ಸೀಟಿ ಊದಿದರೆ ಮಕ್ಕಳು ಎಲ್ಲಾದರೂ ಅಡಗಿ ಮರದ ಹಾಗೆ ಅಲುಗಾಡದೆ ಕೂರಬೇಕು. ಆಗ ಹಕ್ಕಿಗಳು ಹೆದರದೆ ಹತ್ತಿರ ಬರುತ್ತವೆ. ಎರಡು ಸೀಟಿ ಕೇಳಿದ ಮೇಲೇ ಏಳಬೇಕು. ಯಾರು ಹೆಸರು ಹಿಡಿದು ಕೂಗಿದರೂ ಓಗೊಡಬಾರದು. ಹಿಂದಿನ ವಾರ ನಾನೇ ತಮಾಷೆಗೆ, "ಚಂದನಾ, ಆಟ ಮುಗೀತು, ಬಾರೇ" ಎಂದು ಕೂಗಿದ್ದೆ. ಒಂಬತ್ತು ವರ್ಷದ ಚಂದನಾ ನಂಬಿ ಎದ್ದು ಬಂದಳು. ಎಲ್ಲರೂ ನಕ್ಕರು, ಮಗು ಗಳಗಳನೆ ಅತ್ತುಬಿಟ್ಟಿತು. "ಇನ್ಮೇಲೆ ನೀವು ಕರೆದ್ರೂ ಬರಲ್ಲ ಮಿಸ್" ಎಂದಿದ್ದಳು.

ಆ ಭಾನುವಾರ ಮೊದಲ ಸೀಟಿ ಊದಿದೆ. ಹತ್ತು ನಿಮಿಷದ ಮೇಲೆ ಮತ್ತೆ ಊದಲು ಕೈ ಎತ್ತಿದಾಗ ಕೊರಳಲ್ಲಿದ್ದ ಸವೆದ ದಾರ ಕಿತ್ತುಹೋಗಿ ಸೀಟಿ ಕೆರೆಯೊಳಗೆ ಬಿತ್ತು. ಕೈ ಹಾಕಿ ತಡಕಿದೆ, ಬರೀ ಕೆಸರು. ಮಕ್ಕಳನ್ನು ಹುಡುಕಿ ಒಬ್ಬೊಬ್ಬರನ್ನೇ ಕೈ ಹಿಡಿದು ಎಬ್ಬಿಸಿದೆ. ಚಂದನಾ ಮಾತ್ರ ಸಿಗಲಿಲ್ಲ. ಬನಶಂಕರಿ ಕಡೆ ಆಕಾಶ ಕಪ್ಪಿಟ್ಟು ಗುಡುಗುತ್ತಿತ್ತು. ಉಳಿದವರನ್ನು ದೊಡ್ಡ ಹುಡುಗಿಯೊಬ್ಬಳ ಜೊತೆ ಗೇಟಿಗೆ ಕಳಿಸಿದೆ. ಫೋನಿದ್ದ ನನ್ನ ಚೀಲವೂ ಅವಳೊಂದಿಗೇ ಹೋಯಿತು. ಎಲ್ಲರೂ ಹೊರಟರೆಂದುಕೊಂಡು ವಾಚ್‌ಮನ್ ಬೀಗ ಜಡಿದು ಹೋಗಿಬಿಟ್ಟ.

ನಾನು ಓಡಿ ಬಂದು ನೋಡಿದರೆ ಗೇಟಿನಾಚೆ ಚಂದನಾಳ ತಾಯಿ ಸರಳು ಹಿಡಿದು ನಿಂತಿದ್ದಾರೆ.

"ಮಿಸ್, ನನ್ ಮಗಳೆಲ್ಲಿ?"

"ಇಲ್ಲೇ ಅಡಗಿ ಕೂತಿದಾಳೆ, ಕರೆದ್ರೆ ಬರ್ತಿಲ್ಲ. ಮೊದ್ಲು ಆ ವಾಚ್‌ಮನ್ ಎಲ್ಲಿದಾನೆ ನೋಡಿ!"

ಮತ್ತೆ ಕೆರೆ ಏರಿಯ ಮೇಲೆ ಓಡಿದೆ. ಸುತ್ತ ಎರಡಾಳೆತ್ತರದ ತಂತಿ ಬೇಲಿ, ಒಳಗೆ ನಾನು, ಎಲ್ಲೋ ಆ ಮಗು. "ಚಂದನಾ, ಸತ್ಯವಾಗ್ಲೂ ಆಟ ಮುಗೀತು ಕಣೇ! ದೇವರಾಣೆ!" ದೇವರ ಹೆಸರು ನನ್ನ ಬಾಯಲ್ಲಿ ಬಂದದ್ದು ಎಷ್ಟು ವರ್ಷಕ್ಕೋ! ಬಾಯಲ್ಲೇ ಸೀಟಿ ಹೊಡೆಯಲು ನೋಡಿದೆ. ಒಣಗಿದ ತುಟಿಯಿಂದ ಗಾಳಿಯಷ್ಟೇ ಬಂತು. ನಾನು ಕೂಗಿದಷ್ಟೂ ಅವಳು ಹಟ ಹಿಡಿದು ಕೂರುತ್ತಾಳೆ ಎಂದು ಹೊಳೆದು ಕೂಗುವುದನ್ನೇ ನಿಲ್ಲಿಸಿದೆ. ನಾನೇ ಕಲಿಸಿದ ಪಾಠವಲ್ಲವೇ ಅದು.

ಆಗ ಕೇಳಿಸಿತು, ಎರಡು ಸೀಟಿ. ಕೊನೆಯಲ್ಲಿ ಸ್ಸ್ ಎಂದು ಗಾಳಿ ಸೋರುವ, ಬಿರುಕುಬಿಟ್ಟ ನನ್ನ ಸೀಟಿಯದೇ ಸದ್ದು.

ರಾಜಕಾಲುವೆ ಕೆರೆಗೆ ಸೇರುವಲ್ಲಿ, ಜೊಂಡಿನ ನಡುವಿನಿಂದ ಚಂದನಾ ಎದ್ದಳು. ಲಂಗ ಕೊಡವಿಕೊಂಡು ಏರಿ ಹತ್ತಿ ಬಂದಳು. "ಗೆದ್ದೆ ಅಲ್ವಾ ಮಿಸ್?" ಅವಳನ್ನು ಅವುಚಿಕೊಂಡು ನಾನು ಅಳುತ್ತಿದ್ದಾಗಲೇ ಮೇಲಿನ ಬಡಾವಣೆಗಳ ಮಳೆನೀರು ಕಾಲುವೆಯಲ್ಲಿ ಭೋರೆಂದು ನುಗ್ಗಿತು. ಅವಳು ಕೂತಿದ್ದ ಜೊಂಡು ನೋಡನೋಡುತ್ತಲೇ ಮುಳುಗಿತು.

ವಾಚ್‌ಮನ್ ಬಂದು ಬೀಗ ತೆಗೆದ ಮೇಲೆ ಕೇಳಿದರೆ, ಗೇಟಿನ ಬಳಿ ಇದ್ದ ಯಾರಿಗೂ ಸೀಟಿ ಕೇಳಿಸಿರಲಿಲ್ಲ. ವಾಚ್‌ಮನ್ ಬಳಿ ಸೀಟಿಯೇ ಇರಲಿಲ್ಲ. ಮಡಿವಾಳ ಹಕ್ಕಿ ಬೇರೆ ದನಿಗಳನ್ನು ಅನುಕರಿಸುತ್ತದೆ ಎಂದು ಓದಿದ್ದೆ. ಇಷ್ಟು ವರ್ಷ ಆ ಹಕ್ಕಿಯ ಮೇಲೇ ಭಾರ ಹಾಕಿ ಸಮಾಧಾನ ಮಾಡಿಕೊಂಡಿದ್ದೆ.

ಈಗ ಆಟದ ನಿಯಮ ಬದಲಾಗಿದೆ. ಮಿಸ್ ಕರೆದರೆ ತಕ್ಷಣ ಬರಬೇಕು, ಮಿಸ್ ಸುಳ್ಳು ಕೂಗುವಂತಿಲ್ಲ. ಚಂದನಾ ಈಗ ಕಾಲೇಜಿನಲ್ಲಿದ್ದಾಳೆ, ಭಾನುವಾರ ಮಕ್ಕಳನ್ನು ನೋಡಿಕೊಳ್ಳಲು ನನ್ನ ಜೊತೆ ಬರುತ್ತಾಳೆ. ಮೊನ್ನೆ ಧೈರ್ಯ ಮಾಡಿ ಕೇಳಿದೆ, "ಅವತ್ತು ವಿಷಲ್ ಯಾವ ಕಡೆಯಿಂದ ಕೇಳಿಸ್ತೇ?"

"ಇದೇನ್ ಮಿಸ್, ನೀವೇ ಊದಿದ್ರಲ್ಲ? ನನ್ ಪಕ್ಕದಲ್ಲೇ ನಿಂತಿದ್ರಿ, ಮೊಣಕಾಲುದ್ದ ನೀರಲ್ಲಿ. ನಾನು ಲಂಗ ಕೊಡವಿಕೊಳ್ಳೋಷ್ಟರಲ್ಲಿ ಏರಿ ಮೇಲಿದ್ರಿ."

ಸೀಟಿ ಕೇಳಿಸಿದ ಹೊತ್ತಿನಲ್ಲೂ ನಾನು ಏರಿಯ ಮೇಲೇ ಇದ್ದೆ. ನನ್ನ ಸೀಟಿ ಕೆರೆಯ ಕೆಸರಿನಲ್ಲಿತ್ತು.